ಸರಿಯುವ ದಂಡೆ, ಕದಲದ ನಕ್ಷೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಘಟ್ಟದ ಮೇಲೆ ಕುಳಿತು ಕಡಲದಂಡೆಯ ಕಾನೂನನ್ನು ಕುರಿತು ಚರ್ಚಿಸುವುದು ಕೆಲವರಿಗೆ ವಿಚಿತ್ರವೆನಿಸೀತು. ಗುಡ್ಡ ಕುಸಿಯುವ ಭಯ, ಸೊಪ್ಪಿನಬೆಟ್ಟದ ತಗಾದೆ, ತೋಟಕ್ಕೆ ನುಗ್ಗುವ ಮಂಗಗಳ ಕಾಟ, ಮಲೆನಾಡಿಗರಿಗೆ ಇವುಗಳೇ ಸಾಕಷ್ಟಿವೆ. ಆದರೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. ಹೊನ್ನಾವರದಲ್ಲಿ, ಗಂಗೊಳ್ಳಿಯಲ್ಲಿ, ಉಳ್ಳಾಲದಲ್ಲಿ ಅಳಿವೆಯ ಸುತ್ತ ಹರಡಿರುವ ಮರಳು ಎಲ್ಲಿಂದ ಬಂದುದು? ಅದರ ಬಹುಪಾಲು ಶರಾವತಿ, ಸೌಪರ್ಣಿಕೆ, ನೇತ್ರಾವತಿಗಳು ಘಟ್ಟದ ಬಂಡೆಯನ್ನು ಸವೆಸಿ ಸಾವಿರಾರು ವರ್ಷಗಳಿಂದ ಇಳಿಸಿದ ಸರಕು. ಕಡಲು ಅದನ್ನು ಪಡೆದುಕೊಂಡು ಅಲ್ಲಿಂದಿಲ್ಲಿಗೆ ಸಾಗಿಸುತ್ತಿದೆ, ಅಷ್ಟೆ. ನದಿಯಲ್ಲಿ ಆ ಸರಕು ಬರುವುದು ಕಡಿಮೆಯಾದರೆ, ಅಥವಾ ದಂಡೆಯುದ್ದಕ್ಕೂ ಅದು ಓಡಾಡುವ ಹಾದಿಗೆ ಅಡ್ಡಗೋಡೆ ಬಿದ್ದರೆ, ದಂಡೆ ಸರಿಯುತ್ತದೆ. ಹೀಗೆ ಸರಿಯುವ ನೆಲದ ಮೇಲೆ ಮನೆ, ರಸ್ತೆ, ಬಂದರು, ವಿಶ್ರಾಂತಿಧಾಮಗಳಿಗೆ ಅನುಮತಿ ನೀಡುವ ನಿಯಮ ಹೇಗಿರಬೇಕು ಎಂಬುದೇ ಇಂದಿನ ವಿಷಯ.

ಮೊದಲು ದಂಡೆಯ ಸ್ವಭಾವವನ್ನು ತಿಳಿಯೋಣ. ಜೂನ್ ತಿಂಗಳಲ್ಲಿ ಮುಂಗಾರಿನ ದೊಡ್ಡ ಅಲೆಗಳು ದಂಡೆಯ ಮರಳನ್ನು ಕಿತ್ತು ಸ್ವಲ್ಪ ದೂರದ ಆಳಕ್ಕೆ ಒಯ್ಯುತ್ತವೆ. ಸೆಪ್ಟೆಂಬರ್ ಕಳೆದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮರಳಿ ತಂದು ಹಾಸುತ್ತವೆ. ಏಪ್ರಿಲಿನಲ್ಲಿ ಜಾಗ ನೋಡಲು ಬರುವ ಪೇಟೆಯವನಿಗೆ ವಿಶಾಲವಾದ ಮರಳ ಬಯಲು ಕಾಣುತ್ತದೆ. ಆಗಸ್ಟಿನಲ್ಲಿ ಅದೇ ಜಾಗದಲ್ಲಿ ತೆಂಗಿನ ಬೇರುಗಳು ಗಾಳಿಗೆ ತೂಗುತ್ತಿರುತ್ತವೆ. ಇದು ವರ್ಷವರ್ಷದ ಉಸಿರಾಟ. ಇದಲ್ಲದೆ ಅಲೆಗಳು ದಂಡೆಗೆ ಓರೆಯಾಗಿ ಬಡಿಯುವುದರಿಂದ ಮರಳು ತೀರದುದ್ದಕ್ಕೂ ಸಾಗುತ್ತದೆ. ನದಿ ಸಮುದ್ರವನ್ನು ಸೇರುವಲ್ಲಿ ಹೀಗೆ ಸಾಗುವ ಮರಳು ನೀಳವಾದ ನಾಲಿಗೆಯಂತೆ ಬೆಳೆದು ನದಿಯ ಬಾಯಿಗೆ ಅಡ್ಡ ಬರುತ್ತದೆ. ಕರಾವಳಿಯ ಜನ ಇದನ್ನು ಬೆಂಗರೆ ಎಂದೂ ಕೋಡಿ ಎಂದೂ ಕರೆಯುತ್ತಾರೆ. ಮಂಗಳೂರಿನ ಬೆಂಗರೆ, ಸೀತಾ ಮತ್ತು ಸುವರ್ಣಾ ನದಿಗಳು ಕಡಲಿಗಿಳಿಯುವ ಕೋಡಿಬೆಂಗ್ರೆ, ಹೆಜಮಾಡಿ ಕೋಡಿ, ಕುಂದಾಪುರದ ಕೋಡಿ ಇವೆಲ್ಲ ಹೆಸರಿನಲ್ಲಿಯೇ ತಮ್ಮ ಚರಿತ್ರೆಯನ್ನು ಹೇಳುತ್ತವೆ.

ಕೊಡಚಾದ್ರಿಯ ಸೆರಗಿನಿಂದ ಇಳಿದ ಸೌಪರ್ಣಿಕೆ ಮರವಂತೆಯಲ್ಲಿ ಸಮುದ್ರಕ್ಕೆ ಒಂದು ರಸ್ತೆಯಗಲದಷ್ಟು ಹತ್ತಿರ ಬಂದೂ ಸಮುದ್ರವನ್ನು ಸೇರದೆ ತಿರುಗಿ, ಗಂಗೊಳ್ಳಿಯಲ್ಲಿ ಉಳಿದ ನದಿಗಳೊಡನೆ ಕೂಡಿ ಕಡಲಿಗೆ ಹೋಗುತ್ತದೆ. ಅದನ್ನು ತಡೆದು ತಿರುಗಿಸಿದ್ದು ಮರಳಿನ ಒಂದು ಪಟ್ಟಿ. ಇಂದು ಆ ಪಟ್ಟಿಯ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಸಾಗುತ್ತಿದೆ. ಹೆದ್ದಾರಿಯನ್ನು ಉಳಿಸಿಕೊಳ್ಳಲು ಕಡಲ ಬದಿಗೆ ಕಲ್ಲಿನ ರಕ್ಷಣೆ ಒದಗಿಸಬೇಕಾಗಿ ಬಂದಿದೆ. ಪ್ರವಾಸಿಗರು ಅಲ್ಲಿ ನಿಂತು ಛಾಯಾಚಿತ್ರ ತೆಗೆಯುತ್ತಾರೆ. ನಿಂತಿರುವುದು ಸಾಗುವ ಮರಳಿನ ಮೇಲೆ ಎಂಬ ಅರಿವು ಎಷ್ಟು ಮಂದಿಗಿದೆಯೋ!

ಚೆನ್ನೈಯಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ದೇಶದ ತೀರದ ಶೇ. 33.6ರಷ್ಟು ಕೊರೆತಕ್ಕೆ ಈಡಾಗಿದೆಯೆಂದೂ, ಶೇ. 26.9ರಷ್ಟು ಮರಳು ತುಂಬಿ ಬೆಳೆಯುತ್ತಿದೆಯೆಂದೂ ತಿಳಿಸಿದೆ. ಕರ್ನಾಟಕದ ತೀರದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಕೊರೆಯುತ್ತಿದೆ, ಹೆಚ್ಚುಕಡಿಮೆ ಅಷ್ಟೇ ಭಾಗ ಬೆಳೆಯುತ್ತಿದೆ, ಉಳಿದರ್ಧ ಸ್ಥಿರವಾಗಿದೆ. ಕೊರೆತದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಬೆಳೆದ ನೆಲದ ಸುದ್ದಿ ಬರುವುದಿಲ್ಲ. ಆದರೆ ಯೋಜನೆಗಾರರ ಕಣ್ಣು ಬೀಳುವುದು ಆ ಬೆಳೆದ ನೆಲದ ಮೇಲೆಯೇ. ಯಾರ ಪಹಣಿಯಲ್ಲೂ ಇಲ್ಲದ ಹೊಸ ಮರಳ ಬಯಲು ಅವರಿಗೆ ಖಾಲಿ ನಿವೇಶನವಾಗಿ ತೋರುತ್ತದೆ. ಇಂದು ಬಂದುದು ಮುಂದಿನ ಇಪ್ಪತ್ತು ವರ್ಷದಲ್ಲಿ ಹೋಗಲೂಬಹುದು ಎಂಬ ವಿಚಾರ ನಕ್ಷೆಯಲ್ಲಿ ಬರೆಯಲ್ಪಡುವುದಿಲ್ಲ.

ಇನ್ನು ಕಾನೂನಿಗೆ ಬರೋಣ. 1981ರಲ್ಲಿ ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ರೇಖೆಯಿಂದ 500 ಮೀಟರಿನವರೆಗೆ ದಂಡೆಯನ್ನು ಕಟ್ಟಡಗಳಿಂದ ಮುಕ್ತವಾಗಿಡಲು ಸೂಚಿಸಿದ್ದರು. ಹತ್ತು ವರ್ಷಗಳ ತರುವಾಯ, 1991ರ ಫೆಬ್ರವರಿ 19ರಂದು, 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಟಿತು. ಸಿಆರ್‌ಝಡ್ ಎಂದು ಕರಾವಳಿಯ ಪ್ರತಿ ಪಂಚಾಯತಿಯಲ್ಲೂ ಬಾಯಿಪಾಠವಾಗಿರುವುದು ಇದೇ. ಹಳ್ಳಿಗಾಡಿನ ತೀರದಲ್ಲಿ ಮೊದಲ 200 ಮೀಟರು ಅಭಿವೃದ್ಧಿ ನಿಷೇಧ ವಲಯವೆಂದು ಅದು ಸಾರಿತು. ಆಮೇಲೆ ತಿದ್ದುಪಡಿಗಳ ಸರಮಾಲೆಯೇ ಬಂದಿತು. ನದಿ ದಂಡೆಯ ಮಿತಿಯನ್ನು ಇಳಿಸಿದ 1994ರ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತಳ್ಳಿಹಾಕಿತು. ಎಂ.ಎಸ್. ಸ್ವಾಮಿನಾಥನ್ ಸಮಿತಿಯ ವರದಿ 2005ರಲ್ಲಿ ಬಂದಿತು. ಅದನ್ನಾಧರಿಸಿ 2008ರಲ್ಲಿ ತಂದ ಹೊಸ ಕರಡು ಮೀನುಗಾರರ ಪ್ರತಿಭಟನೆಯಿಂದಾಗಿ ಮೂಲೆಗೆ ಸರಿಯಿತು. 2011ರ ಜನವರಿ 6ರಂದು ಎರಡನೆಯ ಅಧಿಸೂಚನೆ, 2019ರ ಜನವರಿ 18ರಂದು ಮೂರನೆಯದು ಪ್ರಕಟವಾದವು. ಇಂದು ಜಾರಿಯಲ್ಲಿರುವುದು ಈ ಮೂರನೆಯದು.

ಮೂರರಲ್ಲಿಯೂ ಅಳತೆಯ ಆರಂಭ ಬಿಂದು ಒಂದೇ: ದೊಡ್ಡ ಉಬ್ಬರದ ಕಾಲದಲ್ಲಿ ನೀರು ನೆಲದ ಮೇಲೆ ತಲುಪುವ ರೇಖೆ. ಸಮೀಕ್ಷೆ ನಡೆದ ಕಾಲದಲ್ಲಿ ಆ ರೇಖೆ ಎಲ್ಲಿತ್ತೋ ಅಲ್ಲಿ ನಕ್ಷೆಯ ಮೇಲೆ ಗೆರೆ ಬೀಳುತ್ತದೆ. ಅನುಮೋದನೆಗೊಂಡ ನಕ್ಷೆಯನ್ನು ಸಾಮಾನ್ಯವಾಗಿ ಐದು ವರ್ಷಕ್ಕೆ ಮೊದಲು ಪರಿಷ್ಕರಿಸಬಾರದೆಂದು 2011ರ ಅಧಿಸೂಚನೆ ಹೇಳಿತ್ತು. ಆಚರಣೆಯಲ್ಲಿ ಪರಿಷ್ಕರಣೆಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿದಿದೆ. ಈ ನಡುವೆ ದಂಡೆ ಸುಮ್ಮನೆ ಕುಳಿತಿರುವುದಿಲ್ಲ. ಗೆರೆಯಿಂದ 200 ಮೀಟರು ದೂರದಲ್ಲಿ ಕಾನೂನುಬದ್ಧವಾಗಿ ಕಟ್ಟಿದ ಕಟ್ಟಡ ಕೆಲವೇ ವರ್ಷಗಳಲ್ಲಿ ನೀರಿನಿಂದ 100 ಮೀಟರಿಗೆ ಬರಬಹುದು. ಕಾಗದದಲ್ಲಿ ಮಾತ್ರ ಅದು 200 ಮೀಟರಿನಲ್ಲೇ ಇರುತ್ತದೆ!

ಈ ದೋಷಕ್ಕೆ ಮದ್ದು 2011ರ ಅಧಿಸೂಚನೆಯಲ್ಲಿ ಇತ್ತು. ಅದರ ಹೆಸರು ಅಪಾಯ ರೇಖೆ. ಅಲೆಗಳ ಎತ್ತರ, ಉಬ್ಬರವಿಳಿತ, ಸಮುದ್ರ ಮಟ್ಟದ ಏರಿಕೆ ಮತ್ತು ದಂಡೆಯ ಸ್ಥಳಾಂತರ ಇಷ್ಟನ್ನೂ ಲೆಕ್ಕ ಹಾಕಿ ಭಾರತೀಯ ಸರ್ವೇಕ್ಷಣಾ ಇಲಾಖೆಯ ಮೂಲಕ ಈ ರೇಖೆಯನ್ನು ಎಳೆಯಿಸಬೇಕೆಂದು, ನಿಯಂತ್ರಣ ವಲಯವನ್ನು ನಿರ್ಧರಿಸುವಾಗ ಅದನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ಆಗ ಹೇಳಲಾಗಿತ್ತು. ನೆಲ ಚಲಿಸುತ್ತದೆ ಎಂಬ ಸತ್ಯವನ್ನು ನಮ್ಮ ದೇಶದ ಕಾನೂನು ಒಪ್ಪಿಕೊಂಡ ಅಪರೂಪದ ಗಳಿಗೆ ಅದು. ಆದರೆ 2019ರ ಅಧಿಸೂಚನೆಯಲ್ಲಿ ಈ ರೇಖೆ ವಿಪತ್ತು ನಿರ್ವಹಣೆಯ ಸಾಧನ ಎಂಬ ಸ್ಥಾನಕ್ಕೆ ಇಳಿಯಿತು. ನಕ್ಷೆಯಲ್ಲಿ ಅದನ್ನು ತೋರಿಸುತ್ತಾರೆ, ಕಟ್ಟಡಕ್ಕೆ ಅನುಮತಿ ಕೊಡುವ ಮಿತಿಗೂ ಅದಕ್ಕೂ ಸಂಬಂಧವಿಲ್ಲ. ಅಪಾಯ ಎಲ್ಲಿದೆಯೆಂದು ಸರ್ಕಾರಕ್ಕೆ ಗೊತ್ತು. ಗೊತ್ತಿದ್ದೂ ಅಲ್ಲಿ ಕಟ್ಟಲು ಅಡ್ಡಿಯಿಲ್ಲ. ಮೂರು ಅಧಿಸೂಚನೆಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹಿನ್ನಡೆ ಬೇರೊಂದಿಲ್ಲ.

ಇದರ ಜೊತೆಗೆ 2019ರ ನಿಯಮ ಹಳ್ಳಿಗಳನ್ನು ಎರಡಾಗಿ ವಿಂಗಡಿಸಿತು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವಲ್ಲಿ ನಿಷೇಧ ವಲಯ ಕೇವಲ 50 ಮೀಟರು. ಕಡಿಮೆ ಜನರಿರುವಲ್ಲಿ ಮೊದಲಿನಂತೆ 200 ಮೀಟರು. ಮೀನುಗಾರರ ದಟ್ಟ ಕೇರಿಗಳಲ್ಲಿ ಮಕ್ಕಳಿಗೆ ಮನೆ ಕಟ್ಟಲು ಜಾಗವಿಲ್ಲ, ಹಳೆಯ ನಿಯಮದಿಂದ ಅವರಿಗೆ ಬಹಳ ತೊಂದರೆಯಾಗಿತ್ತು ಎಂಬುದು ನಿಜ. ಆ ಬೇಡಿಕೆ ನ್ಯಾಯವಾದುದೇ. ಆದರೆ ಅಲೆಗೆ ಜನಗಣತಿ ತಿಳಿಯದು. ಹೆಚ್ಚು ಜನರಿದ್ದಲ್ಲಿ ಕಡಿಮೆ ಅಂತರ ಎಂಬ ಈ ಸೂತ್ರದಲ್ಲಿ ಆ ಊರಿನ ದಂಡೆ ಕೊರೆಯುತ್ತಿದೆಯೋ, ಬೆಳೆಯುತ್ತಿದೆಯೋ ಎಂಬ ಪ್ರಶ್ನೆಯೇ ಇಲ್ಲ. ಉಬ್ಬರವಿಳಿತ ಮುಟ್ಟುವ ನದಿ, ಹಿನ್ನೀರುಗಳ ದಂಡೆಯಲ್ಲಿಯೂ ಮಿತಿಯನ್ನು 100 ಮೀಟರಿನಿಂದ 50 ಮೀಟರಿಗೆ ಇಳಿಸಲಾಯಿತು. ಕಡಲತೀರದಲ್ಲಿ ಉಬ್ಬರದ ರೇಖೆಯಿಂದ ಹತ್ತೇ ಮೀಟರು ಬಿಟ್ಟು ಪ್ರವಾಸಿಗರಿಗೆ ತಾತ್ಕಾಲಿಕ ಗುಡಿಸಲು ಹಾಕಲು ಅವಕಾಶವೂ ದೊರೆಯಿತು. ತಾತ್ಕಾಲಿಕ ಎಂಬುದಕ್ಕೆ ಕಾಲಮಿತಿಯೆಷ್ಟು, ದಂಡೆ ಸರಿದು ನೀರು ಬಾಗಿಲಿಗೆ ಬಂದ ದಿನ ಅದನ್ನು ಯಾರು ಯಾರ ಖರ್ಚಿನಲ್ಲಿ ತೆಗೆಯಬೇಕು ಎಂಬುದನ್ನು ಪರವಾನಗಿಯ ಷರತ್ತಿನಲ್ಲೇ ಬರೆಯದಿದ್ದರೆ ತಾತ್ಕಾಲಿಕವಾದುದು ಕಾಯಂ ಆಗಲು ತಡವಿಲ್ಲ.

ಎಲ್ಲಕ್ಕಿಂತ ಹೆಚ್ಚು ಚಂಚಲವಾದ ನೆಲ ಅಳಿವೆಯ ಬೆಂಗರೆ. ವಿಚಿತ್ರವೆಂದರೆ ನಿಯಮದ ಹಿಡಿತ ಅತ್ಯಂತ ಸಡಿಲವಾಗಿರುವುದೂ ಅಲ್ಲಿಯೇ. ಅಧಿಸೂಚಿತ ಬಂದರು ಮಿತಿಯೊಳಗೆ ಅಭಿವೃದ್ಧಿ ನಿಷೇಧ ವಲಯ ಅನ್ವಯಿಸುವುದಿಲ್ಲ. ಹಳೇ ಮಂಗಳೂರು, ಹಂಗಾರಕಟ್ಟೆ, ಕುಂದಾಪುರ, ಹೊನ್ನಾವರ, ತದಡಿ ಹೀಗೆ ನಮ್ಮ ಸಣ್ಣ ಬಂದರುಗಳು ಇರುವುದು ಅಳಿವೆಗಳಲ್ಲಿ. ಮರಳುದಿಬ್ಬ, ಕಾಂಡ್ಲಾ ವನ, ಕಡಲಾಮೆ ಮೊಟ್ಟೆಯಿಡುವ ತಾಣ ಇವು ಕಟ್ಟುನಿಟ್ಟಿನ ರಕ್ಷಣೆಯ ಪಟ್ಟಿಯಲ್ಲಿ ಹೆಸರು ಪಡೆದಿವೆ. ಅಳಿವೆಯ ಬೆಂಗರೆ ತನ್ನದೇ ಹೆಸರಿನಲ್ಲಿ ಆ ಪಟ್ಟಿಯಲ್ಲಿಲ್ಲ. ಶರಾವತಿಯ ಮುಖದಲ್ಲಿರುವ ಕಾಸರಕೋಡು ಟೊಂಕದ ವಿವಾದವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಲ್ಲಿ ಮೀನು ಒಣಗಿಸುವ ಕುಟುಂಬಗಳಿವೆ, ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಖಾಸಗಿ ಬಂದರಿನ ಯೋಜನೆಯೂ ಅದೇ ಮರಳಿನ ಮೇಲೆ ಬಂದಿತು. ಮೀನುಗಾರರು ಬೀದಿಗಿಳಿದರು, ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ವಾದವೆಲ್ಲ ಹೆಚ್ಚಾಗಿ ನಡೆದುದು ಆಮೆಯಿದೆಯೋ ಇಲ್ಲವೋ, ದಾಖಲೆಯಿದೆಯೋ ಇಲ್ಲವೋ ಎಂಬುದರ ಸುತ್ತ. ಆ ನೆಲ ಮುಂದಿನ ಮೂವತ್ತು ವರ್ಷ ಅಲ್ಲಿಯೇ ಇರುತ್ತದೆಯೇ ಎಂಬ ಸರಳ ಪ್ರಶ್ನೆಯನ್ನು ಅನುಮತಿಯ ಮೊದಲ ಪುಟದಲ್ಲೇ ಕೇಳಿರಬೇಕಿತ್ತು.

ದಂಡೆಯನ್ನು ಕಲ್ಲಿನಿಂದ ಕಟ್ಟಿಹಾಕಿದರಾಯಿತು ಎನ್ನುವವರು ಉಳ್ಳಾಲಕ್ಕೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿ ದೋಣಿಗಳ ಸಂಚಾರಕ್ಕಾಗಿ 1990ರ ದಶಕದಲ್ಲಿ ಎರಡು ಬ್ರೇಕ್‌ವಾಟರ್‌ಗಳನ್ನು ಕಟ್ಟಲಾಯಿತು. ಬಾಗಿಲು ಒಂದೆಡೆ ನಿಂತಿತು, ಆದರೆ ದಂಡೆಯುದ್ದಕ್ಕೂ ಸಾಗುತ್ತಿದ್ದ ಮರಳಿನ ಹಾದಿ ಕಡಿಯಿತು. ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ಕೊರೆತ ತೀವ್ರಗೊಂಡಿತು. ಮಳೆಗಾಲ ಬಂದಾಗಲೆಲ್ಲ ಲಾರಿಗಟ್ಟಲೆ ಕಲ್ಲು ಸುರಿಯಲಾಯಿತು. ಆ ಕಲ್ಲುಗಳಾದರೂ ಒಳನಾಡಿನ ಗುಡ್ಡಗಳನ್ನು ಒಡೆದು ತಂದವು ಎಂಬುದನ್ನು ಇಲ್ಲಿ ನೆರೆದಿರುವವರು ಗಮನಿಸಬೇಕು. ಅಲೆ ಕಲ್ಲಿಗೆ ಬಡಿದು ಹಿಂದಿರುಗುವಾಗ ಗೋಡೆಯ ಬುಡದ ಮರಳನ್ನೇ ತೋಡುತ್ತದೆ. ಗೋಡೆ ಮುಗಿಯುವಲ್ಲಿ ಪಕ್ಕದ ದಂಡೆಯನ್ನು ಕಚ್ಚುತ್ತದೆ. 2010ರ ನಂತರ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಅಲ್ಲಿ ಸಮುದ್ರದೊಳಗೆ ತಡೆದಿಬ್ಬಗಳು, ದಂಡೆಯ ರಕ್ಷಣಾ ಕಾಮಗಾರಿಗಳು ನಡೆದವು. ಒಂದು ಕಡೆ ಪರಿಸ್ಥಿತಿ ಸುಧಾರಿಸಿತು. ಆದರೆ ಕೊರೆತದ ಕೂಗು ಈಚಿನ ವರ್ಷಗಳಲ್ಲಿ ಇನ್ನೂ ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಗಳಿಂದ ಕೇಳಿಬರುತ್ತಿದೆ.

ಇಲ್ಲಿ ಬಡವರಿಗೊಂದು ವಿಶೇಷ ಅನ್ಯಾಯವಿದೆ. ನಿಷೇಧ ವಲಯದಲ್ಲಿ ಮೊದಲಿನಿಂದ ಇರುವ ಅಧಿಕೃತ ಮನೆಯನ್ನು ಅದೇ ಅಳತೆಯಲ್ಲಿ ದುರಸ್ತಿ ಮಾಡಿಕೊಳ್ಳಬಹುದು ಎನ್ನುತ್ತದೆ ನಿಯಮ. ಮನೆಯ ಕೆಳಗಿನ ನೆಲವೇ ಕಡಲು ಪಾಲಾದವರು ದುರಸ್ತಿ ಮಾಡುವುದು ಏನನ್ನು? ಅವರು ಹಿಂದಕ್ಕೆ ಸರಿಯಬೇಕು. ಹಿಂದೆ ನೋಡಿದರೆ ಅಲ್ಲಿ ರಸ್ತೆ, ಅದರಾಚೆ ಯಾರದೋ ತೆಂಗಿನ ತೋಟ, ಈಗೀಗ ವಿಶ್ರಾಂತಿಧಾಮದ ಕಾಂಪೌಂಡು. ಹಿಂದಿನವರು ದಂಡೆ ಸರಿದಂತೆ ಗುಡಿಸಲನ್ನೂ ದೋಣಿಯನ್ನೂ ಹಿಂದಕ್ಕೆ ಒಯ್ಯುತ್ತಿದ್ದರು. ಕೈರಂಪಣಿ ಎಳೆಯಲು, ಬಲೆ ಹರಡಲು, ಮೀನು ಒಣಗಿಸಲು ಬಯಲಿತ್ತು. ಆ ಬಯಲು ಸರ್ವೆ ನಂಬರುಗಳಾಗಿ ಹಂಚಿಹೋದ ಮೇಲೆ ಸರಿಯುವ ದಾರಿ ಮುಚ್ಚಿತು. ಕಾಂಪೌಂಡಿನವನು ಕಲ್ಲಿನ ಗೋಡೆಗೆ ಅರ್ಜಿ ಹಾಕಬಲ್ಲ. ಬಲೆಯವನು ಗಂಜಿ ಕೇಂದ್ರಕ್ಕೆ ಹೋಗುತ್ತಾನೆ.

ಬೇರೆ ದೇಶಗಳಲ್ಲಿ ಏನು ಮಾಡಿದ್ದಾರೆ ಎಂಬ ಕುತೂಹಲ ವಿದ್ಯಾರ್ಥಿಗಳಿಗೆ ಸಹಜ. ಇಂಗ್ಲೆಂಡಿನ ಪೂರ್ವ ತೀರದಲ್ಲಿ ನಾರ್ಫೋಕ್ ಸೀಮೆಯ ಹೇಸ್‌ಬರೋ ಎಂಬ ಹಳ್ಳಿಯಿದೆ. 1950ರ ದಶಕದಲ್ಲಿ ಹಾಕಿದ ಮರದ ತಡೆಗಳು 1990ರ ದಶಕದಲ್ಲಿ ಶಿಥಿಲವಾಗಿ ಬಿದ್ದಾಗ ಅವನ್ನು ಪುನಃ ಕಟ್ಟಲಿಲ್ಲ. ಮಣ್ಣಿನ ಕಡಿದಾದ ದಂಡೆ ಕುಸಿಯುತ್ತ ಮನೆಗಳು ಒಂದೊಂದಾಗಿ ಹೋದವು. 2009ರ ಬಳಿಕ ಅಲ್ಲಿ ಪ್ರಾಯೋಗಿಕವಾಗಿ ಒಂದು ಯೋಜನೆ ನಡೆಯಿತು: ಅಂಚಿನಲ್ಲಿದ್ದ ಒಂಬತ್ತು ಮನೆಗಳನ್ನು ಸ್ಥಳೀಯಾಡಳಿತವೇ ಕೊಂಡು ತೆರವುಗೊಳಿಸಿತು, ಅವುಗಳಿಗೆ ಬದಲಾಗಿ ಒಳಭಾಗದಲ್ಲಿ ಕಟ್ಟುವುದಕ್ಕೆ ಯೋಜನಾ ಅನುಮತಿ ದೊರೆಯಿತು. 2010ರಲ್ಲಿ ಆ ದೇಶದ ಯೋಜನಾ ನೀತಿಯೂ ಬದಲಾಗಿ, ಬದಲಾಗುವ ಸಾಧ್ಯತೆಯಿರುವ ತೀರವನ್ನು ಪ್ರತ್ಯೇಕ ಪ್ರದೇಶವೆಂದು ಗುರುತಿಸಬೇಕೆಂಬ ನಿಯಮ ಬಂದಿತು. ಬೇಗ ಕಡಲು ಪಾಲಾಗುವ ಪಟ್ಟಿಯಲ್ಲಿ ಹೊಸ ಕಾಯಂ ಮನೆಗೆ ಅವಕಾಶವಿಲ್ಲ. ಚಹಾದಂಗಡಿ, ವಾಹನ ನಿಲುಗಡೆಯಂತಹವಕ್ಕೆ ಕಾಲಮಿತಿಯ ಪರವಾನಗಿ ಮಾತ್ರ. ಇದನ್ನು ಹಾಗೆಯೇ ಎತ್ತಿ ಇಲ್ಲಿ ನೆಡಲಾಗದು. ಅಲ್ಲಿ ಒಂಬತ್ತು ಮನೆ, ಇಲ್ಲಿ ಒಂದೊಂದು ಕೇರಿಯಲ್ಲಿ ನೂರಾರು ಮನೆ. ಅಲ್ಲಿ ನೆಲವನ್ನು ಕಡಲಿಗೆ ಬಿಟ್ಟುಕೊಟ್ಟುದು ಅನ್ಯಾಯವೆಂದು ಹೇಸ್‌ಬರೋ ಜನರೂ ದೂರಿದ್ದಾರೆ. ಆದರೂ ಪರವಾನಗಿಗೆ ಆಯುಷ್ಯವಿರಬೇಕು, ಸರಿಯುವವರಿಗೆ ಸರಿಯುವ ಜಾಗ ಮೊದಲೇ ಸಿದ್ಧವಿರಬೇಕು ಎಂಬ ಎರಡು ವಿಚಾರಗಳು ನಮಗೂ ಬೇಕಾದವೇ.

ಹಾಗಾದರೆ ನಿಯಮ ಹೇಗೆ ಬದಲಾಗಬೇಕು? ಅಪಾಯ ರೇಖೆಗೆ ಕಾನೂನಿನ ಬಲ ಮರಳಿ ಬರಬೇಕು. ಅಂತರವನ್ನು ಇಡೀ ದೇಶಕ್ಕೆ ಒಂದೇ ಅಂಕಿಯಿಂದ ಅಳೆಯುವ ಬದಲು ಆಯಾ ದಂಡೆಯ ವಾರ್ಷಿಕ ಕೊರೆತವನ್ನು ಕಟ್ಟಡದ ಆಯುಷ್ಯದಿಂದ ಗುಣಿಸಿ ನಿರ್ಧರಿಸಬೇಕು. ವರ್ಷಕ್ಕೆ ಎರಡು ಮೀಟರು ಕೊರೆಯುವಲ್ಲಿ ಅರವತ್ತು ವರ್ಷ ಬಾಳಬೇಕಾದ ಕಟ್ಟಡಕ್ಕೆ 120 ಮೀಟರು ಬೇಕು, ಅದರ ಮೇಲೆ ಮಳೆಗಾಲದ ಉಸಿರಾಟಕ್ಕೆ ಇನ್ನಷ್ಟು. ಇಷ್ಟು ಲೆಕ್ಕ ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲರು. ಅಳಿವೆಯ ಬೆಂಗರೆಗಳನ್ನು, ಅವು ಹಿಂದೆ ಇದ್ದ ಮತ್ತು ಮುಂದೆ ಸರಿಯಬಹುದಾದ ಹರವನ್ನೂ ಸೇರಿಸಿ, ಚಲಿಸುವ ನೆಲವೆಂದು ಘೋಷಿಸಬೇಕು. ಬಂದರು ಮಿತಿಯ ವಿನಾಯಿತಿ ಅಲ್ಲಿಗೆ ಮುಟ್ಟಬಾರದು. ಪ್ರತಿ ಕರಾವಳಿ ಪಂಚಾಯತಿಯಲ್ಲಿ ಸರ್ಕಾರಿ ಜಮೀನಿನ ಒಂದು ಭಾಗವನ್ನು ಮೀನುಗಾರ ಕುಟುಂಬಗಳ ಮುಂದಿನ ಸ್ಥಳಾಂತರಕ್ಕೆಂದು ಈಗಲೇ ಕಾದಿರಿಸಬೇಕು. ಮನೆ ಬಿದ್ದ ಮೇಲೆ ಜಾಗ ಹುಡುಕುವುದು ಯೋಜನೆಯಲ್ಲ.

ಕೊನೆಯದಾಗಿ ಘಟ್ಟಕ್ಕೆ ಸಂಬಂಧಿಸಿದ ಸುಧಾರಣೆ. ಇದನ್ನು ಕರಾವಳಿಯವರು ಕೇಳುತ್ತಿಲ್ಲ, ಮಲೆನಾಡಿನವರೇ ಕೇಳಬೇಕು. 1964ರಲ್ಲಿ ಲಿಂಗನಮಕ್ಕಿ, 1987ರಲ್ಲಿ ಸೂಪಾ ಅಣೆಕಟ್ಟುಗಳು ಪೂರ್ಣಗೊಂಡವು. ಅಂದಿನಿಂದ ಮೇಲಿನ ಕಣಿವೆಯ ದಪ್ಪ ಮರಳು ಹಿನ್ನೀರಿನ ತಳದಲ್ಲಿ ತಂಗುತ್ತಿದೆ. ಕೆಳಗೆ ನದಿಪಾತ್ರದ ಮರಳನ್ನು ಕಟ್ಟಡಗಳಿಗಾಗಿ ಬಾಚಲಾಗುತ್ತಿದೆ. ನೇತ್ರಾವತಿಯ ನೆತ್ತಿಯ ಹಳ್ಳಗಳನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು; ಅದು ಎತ್ತುವುದು ಮಳೆಗಾಲದ ನೀರನ್ನು, ಮರಳನ್ನು ಕೆಳಗೆ ತಳ್ಳುವುದೂ ಅದೇ ಮಳೆಗಾಲದ ನೀರು. ತೀರದ ಕೊರೆತಕ್ಕೆ ಇವೇ ಏಕೈಕ ಕಾರಣವೆನ್ನುವುದು ತಪ್ಪಾಗುತ್ತದೆ. ಆದರೆ ಅಣೆಕಟ್ಟಿನ, ನದಿ ತಿರುವಿನ ಪರಿಸರ ವರದಿಯಲ್ಲಿ ಅಳಿವೆಯ ಮರಳಿನ ಲೆಕ್ಕ ಇರಲೇಬೇಕೆಂಬ ನಿಯಮ ಬೇಕು. ಅಘನಾಶಿನಿ ಮತ್ತು ಬೇಡ್ತಿ ದೊಡ್ಡ ಅಣೆಕಟ್ಟಿಲ್ಲದೆ ಇಂದಿಗೂ ಕಡಲು ಸೇರುತ್ತಿವೆ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಶಿರಸಿಯ ಮೇಲ್ಗಡೆ ಆಗುವ ತೀರ್ಮಾನಕ್ಕೂ ಕೆಳಗಿನ ಗಜನಿ ಗದ್ದೆಗೂ, ಬಳಚು ಆರಿಸುವ ಹೆಂಗಸರ ದುಡಿಮೆಗೂ ಸಂಬಂಧವಿದೆಯೆಂದು ಈಗಿನ ಯಾವ ಅನುಮತಿ ಪತ್ರವೂ ಹೇಳುವುದಿಲ್ಲ. ಘಟ್ಟಕ್ಕೊಂದು ಕಾನೂನು, ನದಿಗೊಂದು, ದಂಡೆಗೊಂದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಗುಡ್ಡ ಕುಸಿದಾಗ ಮಣ್ಣು ಗಂಗಾವಳಿ ನದಿಗೆ ಬಿದ್ದು, ಎದ್ದ ನೀರು ಎದುರು ದಂಡೆಯ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಗುಡ್ಡ ಕಡಿಯುವ ನಕ್ಷೆಯಲ್ಲಿ ಎದುರು ದಂಡೆಯ ಊರು ಇತ್ತೇ?

ಕಾನೂನು ಬದಲಾಗುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ತೀರದ ಕಾಲೇಜುಗಳ ವಿದ್ಯಾರ್ಥಿಗಳು ಘಟ್ಟದ ಮೇಲಿನ ಗೆಳೆಯರೊಂದಿಗೆ ಸೇರಿ ಒಂದು ಅಳತೆಯ ಕೆಲಸವನ್ನು ಆರಂಭಿಸಬಹುದು. ಅಳಿವೆಯ ಬಳಿ ಕದಲದ ಗುರುತೊಂದನ್ನು ಆರಿಸಬೇಕು. ಬಾವಿಕಟ್ಟೆ, ದೈವದ ಗುಡಿಯ ಮೆಟ್ಟಿಲು, ಸರ್ವೆ ಕಲ್ಲು ಯಾವುದಾದರೂ ಆದೀತು. ಅಲ್ಲಿಂದ ಮರಳಿನ ಮೇಲೆ ಹಬ್ಬುವ ಬಳ್ಳಿಯ ಕೊನೆಯ ತುದಿಯವರೆಗೆ ಟೇಪು ಹಿಡಿದು ಅಳೆಯಬೇಕು. ಮೇ ತಿಂಗಳ ಕೊನೆಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ. ಹಿರಿಯ ಮೀನುಗಾರರಿಂದ ಅಳಿವೆ ಬಾಗಿಲು ಹಿಂದೆ ಎಲ್ಲೆಲ್ಲಿತ್ತೆಂದು ಕೇಳಿ, ಹಳೆಯ ಗ್ರಾಮನಕ್ಷೆಯ ಪ್ರತಿಯ ಮೇಲೆ ಗುರುತಿಸಬೇಕು. ಮೇಲ್ಗಡೆಯ ಊರುಗಳವರು ಮಳೆಗಾಲದ ಮೊದಲು ಮತ್ತು ನಂತರ ತಮ್ಮ ಹೊಳೆಯ ಮರಳ ದಿಣ್ಣೆಗಳ ಅಳತೆಯನ್ನು ಬರೆದಿಡಬೇಕು. ಎರಡೂ ಪುಸ್ತಕಗಳ ಪ್ರತಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ, ಜಿಲ್ಲಾ ಕರಾವಳಿ ನಿರ್ವಹಣಾ ಸಮಿತಿಗೆ ಸ್ವೀಕೃತಿ ಪಡೆದು ಸಲ್ಲಿಸಬೇಕು. ಮುಂದಿನ ಕರಡು ನಕ್ಷೆ ಆಕ್ಷೇಪಣೆಗೆ ಬಂದಾಗ ಕಂಪ್ಯೂಟರಿನ ಗೆರೆಯ ಎದುರು ಇಡಲು ಈ ಅಂಕಿಗಳು ಬೇಕಾಗುತ್ತವೆ.